ಬೆಸುಗೆ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು: ಮನೆಯ ಶೆಡ್ಡಿನಲ್ಲಿ ಕಬ್ಬಿಣದ ಶಿಲ್ಪ ಮಾಡುವವರಿಗೆ

ಬೆಸುಗೆಯ ರಾಡು ಕಬ್ಬಿಣಕ್ಕೇ ಅಂಟಿಕೊಳ್ಳುತ್ತದೆ. ಬೆಸುಗೆಯ ಮೇಲೆಲ್ಲ ಸೂಜಿಯಿಂದ ಚುಚ್ಚಿದ ಹಾಗೆ ತೂತುಗಳು. ನಿನ್ನೆ ಸಂಜೆ ಗಟ್ಟಿಯಾಗಿ ನಿಂತಿದ್ದ ಕೊಕ್ಕರೆಯ ಕಾಲು ಇವತ್ತು ಬೆಳಿಗ್ಗೆ ಮುಟ್ಟಿದರೆ ಕೈಗೇ ಬರುತ್ತದೆ. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಮನೆ ಹಿಂದಿನ ಶೆಡ್ಡಿನಲ್ಲಿ ಗುಜರಿ ಕಬ್ಬಿಣದಿಂದ ಶಿಲ್ಪ ಮಾಡುವ ಹುಡುಗರು ನನ್ನ ಹತ್ತಿರ ಹೇಳುವ ದೂರು ಬಹುಪಾಲು ಈ ಮೂರೇ. ಮಾತು ಶುರುವಾಗುವುದೂ ಒಂದೇ ರೀತಿ: "ಅಣ್ಣಾ, ಮೆಷಿನ್ ಹೋಯ್ತು ಅಂತ ಕಾಣ್ತದೆ."

ಮೆಷಿನ್ ಕೆಡುವುದು ಉಂಟು. ಆದರೆ ಕೆಟ್ಟ ಮೆಷಿನಿನಲ್ಲಿ ಸಾಮಾನ್ಯವಾಗಿ ಆರ್ಕೇ, ಅಂದರೆ ರಾಡಿನ ತುದಿಯ ಉರಿಯೇ, ಹುಟ್ಟುವುದಿಲ್ಲ. ಆರ್ಕ್ ಹುಟ್ಟಿ, ಉರಿದು, ಬೆಸುಗೆ ಮಾತ್ರ ಕೆಟ್ಟರೆ ನಮ್ಮ ಕಡೆ ಮೂರು ಕಾರಣ ಹುಡುಕಬೇಕು: ತೇವ, ಕಡಿಮೆ ವೋಲ್ಟೇಜ್, ಗುರುತಿಲ್ಲದ ಕಬ್ಬಿಣ. ಮಳೆಗಾಲದಲ್ಲಿ ಮೊದಲು ತೇವವನ್ನು ಅನುಮಾನಿಸಿ. ಅಡಿಕೆ ತೋಟಕ್ಕೆ ಪಂಪು ಓಡುವ ಬೇಸಿಗೆಯಲ್ಲಿ ಮೊದಲು ವೋಲ್ಟೇಜನ್ನು ನೋಡಿ. ಗುರುತಿಲ್ಲದ ಕಬ್ಬಿಣಕ್ಕೆ ಕಾಲ ಅಂತ ಇಲ್ಲ, ಅದು ಗುಜರಿ ಅಂಗಡಿಯಿಂದ ವರ್ಷವಿಡೀ ಬರುತ್ತದೆ.

ಮೊದಲು ಒಂದು ಪರೀಕ್ಷೆಯ ತುಂಡು

ನಾಬ್ ತಿರುಗಿಸುವ ಮೊದಲು ಇದನ್ನು ಮಾಡಿ. 5 ಮಿ.ಮೀ. ದಪ್ಪದ ಹೊಸ ಎಂ.ಎಸ್. (ಮೆದು ಕಬ್ಬಿಣದ) ಪಟ್ಟಿ ತನ್ನಿ. ಗೇಣುದ್ದದ ಎರಡು ತುಂಡು ಸಾಕು. ಗ್ರೈಂಡರಿನಿಂದ ಹೊಳೆಯುವವರೆಗೆ ಉಜ್ಜಿ. ಒಂದನ್ನು ಮಲಗಿಸಿ, ಇನ್ನೊಂದನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿ. ಈಗಷ್ಟೇ ಒಡೆದ ಪ್ಯಾಕೆಟ್ಟಿನ 2.5 ಮಿ.ಮೀ. 6013 ರಾಡು (ಸಾಮಾನ್ಯ ಕೆಲಸದ ಜಾತಿ) ಹಾಕಿ, ಸುಮಾರು 80 ಆಂಪ್ಸ್ ಇಟ್ಟು, ಒಂದು ಬದಿಗೆ ಮಾತ್ರ ಬೆಸುಗೆ ಎಳೆಯಿರಿ. ತಣಿದ ಮೇಲೆ ವೈಸಿನಲ್ಲಿ ಹಿಡಿಸಿ, ನಿಂತ ಪಟ್ಟಿಯನ್ನು ಬೆಸುಗೆ ಇರುವ ಬದಿಗೇ ಮಡಚಿಕೊಳ್ಳುವ ಹಾಗೆ ಸುತ್ತಿಗೆಯಿಂದ ಹೊಡೆಯಿರಿ.

ಬೆಸುಗೆ ಮುರಿಯದೆ ಪಟ್ಟಿಯೇ ಬಾಗಿದರೆ ನಿಮ್ಮ ಮೆಷಿನ್, ರಾಡು, ಅರ್ತ್ (ಕರೆಂಟು ಮೆಷಿನಿಗೆ ಮರಳುವ ಕ್ಲಾಂಪು, ವಯರು), ಕೈ ನಾಲ್ಕೂ ಸರಿ ಇವೆ. ಹಾಗಾದರೆ ದೋಷ ಶಿಲ್ಪದ ಕಬ್ಬಿಣದಲ್ಲಿ ಅಥವಾ ನೀವು ಜೋಡಿಸಿದ ರೀತಿಯಲ್ಲಿದೆ. ಮುರಿದರೆ ಅಥವಾ ಮುರಿದ ಒಳಭಾಗ ಜೇನುಗೂಡಿನ ಹಾಗೆ ಕಂಡರೆ ಶಿಲ್ಪವನ್ನು ಬಿಡಿ, ದೋಷ ಈ ನಾಲ್ಕರಲ್ಲೇ ಇದೆ. ಇಷ್ಟು ಮಾಡಿದರೆ ಹುಡುಕುವ ಕೆಲಸ ಅರ್ಧ ಮುಗಿಯಿತು. ಈ ಪರೀಕ್ಷೆ ಮಾಡದೆ ಆಂಪ್ಸ್ ಏರಿಸಿ ಇಳಿಸಿ ನೋಡುವುದರಲ್ಲಿ ಹೋಗುವ ರಾಡಿನ ಲೆಕ್ಕ ಹಾಕಿದರೆ ಒಂದು ತುಂಡು ಪಟ್ಟಿ ಏನೂ ದುಬಾರಿ ಅಲ್ಲ.

ಪರೀಕ್ಷೆಯ ತುಂಡೇ ಕೆಟ್ಟರೆ: ರಾಡು

ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಆ ನಾಲ್ಕು ತಿಂಗಳು ಮುರಕಲ್ಲಿನ ಗೋಡೆಯ ಶೆಡ್ಡಿನಲ್ಲಿ ಬಾಯಿ ತೆರೆದಿಟ್ಟ ರಾಡಿನ ಪ್ಯಾಕೆಟ್ ಗಾಳಿಯ ನೀರನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಆರ್ಕಿನ ಬಿಸಿಗೆ ಆ ನೀರು ಆವಿಯಾಗಿ, ಒಡೆದು, ಹೈಡ್ರೋಜನ್ ಆಗಿ ಕರಗಿದ ಲೋಹದೊಳಗೆ ಸೇರುತ್ತದೆ. ಲೋಹ ಗಟ್ಟಿಯಾಗುವಾಗ ಹೊರಗೆ ಬರಲಾಗದ ಅನಿಲವೇ ನಿಮಗೆ ತೂತಾಗಿ ಕಾಣುವುದು.

ತೇವದ ಗುರುತು ಸುಲಭ. ಆರ್ಕ್ ಒಂದೇ ಸಮನೆ ಉರಿಯದೆ ಚಟಪಟ ಸಿಡಿಯುತ್ತದೆ. ಸುತ್ತ ಕಿಡಿಯ ಹನಿಗಳು ಜಾಸ್ತಿ ಅಂಟುತ್ತವೆ. ರಾಡಿನ ಲೇಪದ ಮೇಲೆ ಬಿಳಿ ಹುಡಿ ಎದ್ದಿದ್ದರೆ, ಬಾಗಿಸಿದಾಗ ಲೇಪ ಸಿಪ್ಪೆಯ ಹಾಗೆ ಉದುರಿದರೆ, ಹೋಲ್ಡರ್ ಹಿಡಿಯುವ ತುದಿಯಲ್ಲಿ ತುಕ್ಕು ಇದ್ದರೆ ಆ ರಾಡನ್ನು ಶಿಲ್ಪಕ್ಕೆ ಹಾಕಬೇಡಿ. ಎರಡು ರಾಡು ಒಂದಕ್ಕೊಂದು ತಟ್ಟಿ ನೋಡಿ. ಒಣಗಿದವು ಕಿಣಿಕಿಣಿ ಎನ್ನುತ್ತವೆ, ತೇವ ಹಿಡಿದವು ಮಂಕಾಗಿ ಸದ್ದು ಮಾಡುತ್ತವೆ.

ಲೇಪ ಉದುರದೆ ತೇವ ಮಾತ್ರ ಹಿಡಿದಿದ್ದರೆ ಒಣಗಿಸಬಹುದು. 6013 ರಾಡಿಗೆ 100ರಿಂದ 110 ಡಿಗ್ರಿಯಲ್ಲಿ ಒಂದು ಗಂಟೆ ಸಾಕು. ಬಿಸಿಲಿಗೆ ಇಟ್ಟರೆ ಮೇಲಿನ ತೇವ ಹೋಗಬಹುದು, ಒಳಗಿನದು ಹೋಗುವುದಿಲ್ಲ. ಇದಕ್ಕಾಗಿಯೇ ಒಂದು ಹಳೆ ವಿದ್ಯುತ್ ಓವನ್ ಶೆಡ್ಡಿನಲ್ಲಿ ಇಟ್ಟುಕೊಳ್ಳಿ. ಅಡುಗೆಮನೆಯದು ಬೇಡ. 6013ರ ಲೇಪಕ್ಕೆ ಸ್ವಲ್ಪ ತೇವ ಬೇಕೇ ಬೇಕು. ಹಾಗಾಗಿ ಜಾಸ್ತಿ ಸುಟ್ಟರೂ ಅದು ಕೆಡುತ್ತದೆ. 7018 ರಾಡಿನ ಸಂಗತಿ ಪೂರ್ತಿ ಬೇರೆ. ಅದು ಹೈಡ್ರೋಜನ್ ಕಡಿಮೆ ಇರಲಿ ಅಂತಲೇ ಮಾಡಿದ ರಾಡು. ಪ್ಯಾಕೆಟ್ ಒಡೆದ ಮೇಲೆ 120 ಡಿಗ್ರಿಯ ಆಸುಪಾಸಿನ ಬಿಸಿ ಪೆಟ್ಟಿಗೆಯಲ್ಲಿ ಇರಬೇಕು. ತೇವ ಹಿಡಿದರೆ 300ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಬೇಕು. ಈ ಅನುಕೂಲ ಇಲ್ಲದವರು 7018 ತಂದು ಶೆಡ್ಡಿನ ಮೂಲೆಯಲ್ಲಿಟ್ಟರೆ ಕೊಟ್ಟ ಜಾಸ್ತಿ ದುಡ್ಡಿಗೆ ಏನೂ ಸಿಗುವುದಿಲ್ಲ.

ಇಡುವ ಜಾಗವೇ ನಿಜವಾದ ಮದ್ದು. ದಪ್ಪ ಪಿ.ವಿ.ಸಿ. ಪೈಪಿನ ತುಂಡಿಗೆ ಎರಡೂ ಕಡೆ ಮುಚ್ಚಳ ಹಾಕಿ ಅದರೊಳಗೆ ಇಡಿ. ನಮ್ಮ ಹಳೆ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಮಳೆಗಾಲದಲ್ಲೂ ಬೆಚ್ಚಗಿರುತ್ತದೆ. ಮುಚ್ಚಳ ಹಾಕಿದ ಪೈಪಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ.

ತೇವದ ಮಾತು ಬಂತು, ಹಾಗಾಗಿ ಇದನ್ನೂ ಇಲ್ಲೇ ಹೇಳಬೇಕು. ಬೆಸುಗೆ ಮಾಡದೆ ಸುಮ್ನೆ ಆನ್ ಆಗಿರುವ ಮೆಷಿನಿನ ಹೋಲ್ಡರಿನಲ್ಲಿ ಸಾಮಾನ್ಯವಾಗಿ 60ರಿಂದ 80 ವೋಲ್ಟ್ ಇರುತ್ತದೆ. ಒಣ ಕೈಗೆ ಅದು ಗೊತ್ತೇ ಆಗದಿರಬಹುದು. ಬೆವರಿದ ಅಂಗಿ, ಒದ್ದೆ ನೆಲ, ನೆನೆದ ಕೈಗವಸು ಸೇರಿದರೆ ಅದೇ ಜೀವ ತೆಗೆಯುತ್ತದೆ. ಹಳೆಯ ಎ.ಸಿ. ಮೆಷಿನಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಒಣ ಮರದ ಹಲಗೆಯ ಮೇಲೆ ನಿಂತೇ ಕೆಲಸ ಮಾಡಿ. ರಾಡು ಬದಲಿಸುವಾಗಲೂ ಒಣ ಚರ್ಮದ ಕೈಗವಸು ಕೈಯಲ್ಲೇ ಇರಲಿ.

ವೋಲ್ಟೇಜ್, ವಯರು, ಅರ್ತ್

ಬೇಸಿಗೆಯ ದೂರು ಬೇರೆ. ರಾಡು ಒಣಗಿಯೇ ಇರುತ್ತದೆ, ಆದರೆ ಅಂಟಿಕೊಳ್ಳುತ್ತದೆ. ಬೆಸುಗೆ ಹರಡದೆ ಹಗ್ಗದ ಹಾಗೆ ಪಟ್ಟಿಯ ಮೇಲೆ ಉಬ್ಬಿ ಕೂರುತ್ತದೆ. ಬೆಳಿಗ್ಗೆ ಬೇಗ ಅಥವಾ ರಾತ್ರಿ ಸರಿಯಾಗುತ್ತದೆ ಎಂದರೆ ಅನುಮಾನವೇ ಬೇಡ, ಆ ಲೈನಿನಲ್ಲಿ ಪಂಪುಗಳು ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತಿದೆ.

ಅಳೆಯುವಾಗ ಒಂದು ಮಾತು ನೆನಪಿರಲಿ. ಮೆಷಿನ್ ಸುಮ್ನೆ ಇರುವಾಗ ಮೀಟರ್ 225 ತೋರಿಸಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಒಬ್ಬರು ಬೆಸುಗೆ ಎಳೆಯುತ್ತಿರುವಾಗ ಇನ್ನೊಬ್ಬರು ಅದೇ ಬೋರ್ಡಿನ ಇನ್ನೊಂದು ಪ್ಲಗ್ಗಿನಲ್ಲಿ ಅಳೆಯಬೇಕು. ಈಗಿನ ಇನ್ವರ್ಟರ್ ಮೆಷಿನುಗಳು ಸಾಮಾನ್ಯವಾಗಿ 230 ವೋಲ್ಟಿಗೆ ಶೇಕಡ 15ರಷ್ಟು ಏರಿಳಿತ ತಾಳುತ್ತವೆ. ಅಂದರೆ 195ರವರೆಗೆ. ನಿಮ್ಮದರ ಲೆಕ್ಕ ಮೆಷಿನಿನ ಹಿಂದಿನ ಫಲಕದಲ್ಲಿ ಇರುತ್ತದೆ. ಹಳೆಯ ತಾಮ್ರದ ಸುರುಳಿಯ ಟ್ರಾನ್ಸ್‌ಫಾರ್ಮರ್ ಮೆಷಿನಿಗೆ ಈ ತಾಳಿಕೆ ಇಲ್ಲ. ಒಳಗೆ ಬರುವುದು ಇಳಿದ ಹಾಗೆ ಹೊರಗೆ ಹೋಗುವುದೂ ಇಳಿಯುತ್ತದೆ.

ವಿದ್ಯುತ್ ಕಚೇರಿಗೆ ದೂರು ಕೊಡುವ ಮೊದಲು ನಿಮ್ಮ ಎಕ್ಸ್‌ಟೆನ್ಶನ್ ವಯರನ್ನು ನೋಡಿ. ಮನೆಯಿಂದ ಶೆಡ್ಡಿಗೆ 30 ಮೀಟರ್ ಅಂತ ಇಟ್ಟುಕೊಳ್ಳೋಣ. 1.5 ಚದರ ಮಿ.ಮೀ. ತಾಮ್ರದ ವಯರಿನಲ್ಲಿ ಹೋಗಿಬರುವ ದಾರಿ ಸೇರಿ ಸುಮಾರು 0.73 ಓಮ್ ತಡೆ ಇರುತ್ತದೆ. 80 ಆಂಪ್ಸಿನಲ್ಲಿ ಬೆಸುಗೆ ಮಾಡುವ ಮೆಷಿನ್ ಲೈನಿನಿಂದ ಹತ್ತಿರ ಹತ್ತಿರ 15 ಆಂಪಿಯರ್ ಎಳೆದರೆ ವಯರಿನಲ್ಲೇ 11 ವೋಲ್ಟ್ ಹೋಯಿತು. 4 ಚದರ ಮಿ.ಮೀ. ವಯರಿನಲ್ಲಿ ಹೋಗುವುದು 4 ವೋಲ್ಟ್ ಮಾತ್ರ. ಮನೆಗೆ 205 ಬರುವ ದಿನ ಈ 7 ವೋಲ್ಟಿನ ವ್ಯತ್ಯಾಸದಲ್ಲೇ ರಾಡು ಅಂಟುವುದೋ ಉರಿಯುವುದೋ ತೀರ್ಮಾನವಾಗುತ್ತದೆ. ಸುರುಳಿ ಸುತ್ತಿಟ್ಟ ವಯರನ್ನು ಪೂರ್ತಿ ಬಿಚ್ಚಿ ಹಾಸಿ. ಇಲ್ಲದಿದ್ದರೆ ಬಿಸಿಯಾಗಿ ಹೊದಿಕೆ ಕರಗುತ್ತದೆ.

ಅರ್ತ್ ಕ್ಲಾಂಪನ್ನು ಯಾರೂ ನೋಡುವುದಿಲ್ಲ. ಶಿಲ್ಪದಲ್ಲಿ ಇದು ಗೇಟಿಗಿಂತ ಹೆಚ್ಚು ತೊಂದರೆ ಕೊಡುತ್ತದೆ. ಯಾಕೆಂದರೆ ನಾವು ಬಣ್ಣ ಹಿಡಿದ, ತುಕ್ಕು ಹಿಡಿದ ನೂರು ತುಂಡು ಸೇರಿಸಿರುತ್ತೇವೆ. ಕ್ಲಾಂಪ್ ಕಾಲಿಗೆ ಹಾಕಿ ಕಿರೀಟದ ಹತ್ತಿರ ಬೆಸುಗೆ ಮಾಡಿದರೆ ಕರೆಂಟು ಆ ಎಲ್ಲ ಸಡಿಲ ಕೂಡುಗಳ ಮೂಲಕ ಹೋಗಬೇಕು. ಬೆಸುಗೆಯ ಹತ್ತಿರವೇ ಒಂದು ಜಾಗ ಉಜ್ಜಿ ಅಲ್ಲಿ ಕ್ಲಾಂಪ್ ಹಾಕಿ. ಕೆಲಸ ಮಾಡಿದ ಮೇಲೆ ಕ್ಲಾಂಪ್ ಮುಟ್ಟಲಾರದಷ್ಟು ಬಿಸಿಯಾಗಿದ್ದರೆ ಅದರ ಸ್ಪ್ರಿಂಗ್ ಸಡಿಲವಾಗಿದೆ, ಬದಲಿಸಿ. ಡಿ.ಸಿ. ಮೆಷಿನಿನಲ್ಲಿ ಮೂಲೆಗಳ ಹತ್ತಿರ ಆರ್ಕ್ ಒಂದೇ ಕಡೆಗೆ ಊದಿದ ಹಾಗೆ ಓಡಿದರೆ ಅದು ಕಬ್ಬಿಣದೊಳಗಿನ ಕಾಂತದ ಎಳೆತ. ಕ್ಲಾಂಪಿನ ಜಾಗ ಬದಲಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ.

ಆಂಪ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2 ಮಿ.ಮೀ. ರಾಡಿಗೆ 40ರಿಂದ 60, 2.5ಕ್ಕೆ 60ರಿಂದ 90, 3.15ಕ್ಕೆ 90ರಿಂದ 130. ರಾಡಿನ ತುದಿ ಮತ್ತು ಕಬ್ಬಿಣದ ನಡುವಿನ ಅಂತರ ರಾಡಿನ ದಪ್ಪದಷ್ಟೇ ಇರಲಿ. ಅಂತರ ಹೆಚ್ಚಾದರೂ ತೂತು ಬೀಳುತ್ತದೆ, ಅದನ್ನು ತೇವ ಅಂತ ತಿಳಿಯಬೇಡಿ.

ಪರೀಕ್ಷೆ ಗೆದ್ದು ಶಿಲ್ಪ ಸೋತರೆ: ಕಬ್ಬಿಣವನ್ನು ಗುರುತಿಸಿ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ಭಾಗ. ಗೇಟು ಮಾಡುವವರು ಹೊಸ ಎಂ.ಎಸ್. ಮಾತ್ರ ಬಳಸುತ್ತಾರೆ. ನಾವು ಹಳೆ ಕತ್ತಿ, ಪಿಕ್ಕಾಸು, ಬೈಕಿನ ಚೈನು, ಲಾರಿಯ ಸ್ಪ್ರಿಂಗ್ ಪ್ಲೇಟು, ಪಂಪಿನ ಹೊಟ್ಟೆ, ನೀರಿನ ಪೈಪು ಎಲ್ಲವನ್ನೂ ಒಂದೇ ರಾಡಿನಲ್ಲಿ ಅಂಟಿಸಲು ನೋಡುತ್ತೇವೆ. ಕಣ್ಣಿಗೆ ಎಲ್ಲವೂ ಕಬ್ಬಿಣ. ಬೆಸುಗೆಗೆ ಒಂದೊಂದೂ ಬೇರೆ ಜಾತಿ.

ಗುರುತಿಸಲು ಗ್ರೈಂಡರಿನ ಕಿಡಿ ಸಾಕು. ಸಂಜೆಯ ಮಬ್ಬಿನಲ್ಲಿ ಮಾಡಿ, ಚೆನ್ನಾಗಿ ಕಾಣುತ್ತದೆ. ಹೋಲಿಸಲು ಒಂದು ದೊಡ್ಡ ಮೊಳೆ ಮತ್ತು ಒಂದು ಹಳೆ ಅರ ಹತ್ತಿರ ಇಟ್ಟುಕೊಳ್ಳಿ. ಮೊಳೆ ಮೆದು ಕಬ್ಬಿಣ. ಅದರ ಕಿಡಿ ಉದ್ದ, ಒಣಹುಲ್ಲಿನ ಬಣ್ಣ, ತುದಿಯಲ್ಲಿ ಕವಲು ಕಡಿಮೆ. ಅರದಲ್ಲಿ ಇಂಗಾಲ ಜಾಸ್ತಿ. ಅದರ ಕಿಡಿ ಚಕ್ರದ ಹತ್ತಿರದಿಂದಲೇ ನಕ್ಷತ್ರದ ಹಾಗೆ ಒಡೆಯುತ್ತ ಹೋಗುತ್ತದೆ. ಎರಕದ ಕಬ್ಬಿಣದ ಕಿಡಿ ಗಿಡ್ಡ, ಕೆಂಪು. ಗುಜರಿಯಿಂದ ತಂದದ್ದನ್ನೆಲ್ಲ ಅಂದೇ ಹೀಗೆ ಉಜ್ಜಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಬೇರೆ ಬೇರೆ ರಾಶಿ ಮಾಡಿ.

ನಕ್ಷತ್ರದ ಕಿಡಿ ಕೊಟ್ಟ ತುಂಡೇ ಬೆಳಿಗ್ಗೆ ಕೈಗೆ ಬರುವ ಕೊಕ್ಕರೆಯ ಕಾಲು. ಮೆದು ಕಬ್ಬಿಣದಲ್ಲಿ ಇಂಗಾಲ ಶೇಕಡ 0.25ರ ಒಳಗೆ. ಸ್ಪ್ರಿಂಗ್ ಪ್ಲೇಟಿನಲ್ಲಿ ಅದು ಶೇಕಡ 0.6ರ ಆಸುಪಾಸು. ನಮ್ಮ ಕಡೆಯ ಹಳೆ ಕತ್ತಿಗಳಲ್ಲಿ ಎಷ್ಟೋ ಲಾರಿಯ ಪ್ಲೇಟನ್ನೇ ಕುಲುಮೆಯಲ್ಲಿ ಬಡಿದು ಮಾಡಿದವು, ಹಾಗಾಗಿ ಅವೂ ಅದೇ. ಬೆಸುಗೆ ಮಾಡಿದಾಗ ಪಕ್ಕದ ಕಬ್ಬಿಣ ಕೆಂಪಾಗುತ್ತದೆ. ಸುತ್ತಲಿನ ತಣ್ಣನೆ ಲೋಹ ಆ ಬಿಸಿಯನ್ನು ತಟ್ಟನೆ ಹೀರುತ್ತದೆ. ನೀರಿನಲ್ಲಿ ಅದ್ದಿ ಹದ ಮಾಡಿದ ಕತ್ತಿಯ ಬಾಯಿಯ ಹಾಗೆ ಅಷ್ಟು ಜಾಗ ಮಾತ್ರ ಗಡುಸಾಗಿ, ಗಾಜಿನಂತೆ ಮುರಿಯುವ ಸ್ವಭಾವ ಪಡೆಯುತ್ತದೆ. ರಾಡಿನ ತೇವದಿಂದ ಬಂದ ಹೈಡ್ರೋಜನ್ ಅಲ್ಲಿಗೆ ಸೇರಿದರೆ ಗಂಟೆಗಳ ನಂತರ, ಒಮ್ಮೊಮ್ಮೆ ಎರಡು ದಿನ ಬಿಟ್ಟು ಬಿರುಕು ಬರುತ್ತದೆ. ಬೆಸುಗೆ ಎಷ್ಟೇ ಚೆಂದ ಕಂಡರೂ ಅದರ ಪಕ್ಕದಲ್ಲೇ ಮುರಿಯುತ್ತದೆ.

ಉಪಾಯ ಇದೆ. ಬೆಸುಗೆಗೆ ಮೊದಲು ತುಂಡನ್ನು 200ರಿಂದ 300 ಡಿಗ್ರಿಗೆ ಬಿಸಿ ಮಾಡಿ. ಒಂದು ಜಾಗವನ್ನು ಹೊಳೆಯುವಂತೆ ಉಜ್ಜಿದ್ದರೆ ಬಣ್ಣವೇ ಅಳತೆ. ತಿಳಿ ಒಣಹುಲ್ಲಿನ ಬಣ್ಣ ಬಂದರೆ 200 ದಾಟಿದೆ, ನೀಲಿ ಬಂದರೆ 300ರ ಹತ್ತಿರ. ಆ ಎರಡರ ನಡುವೆ ಇರುವಾಗಲೇ ಬೆಸುಗೆ ಮಾಡಿ. ಚೆನ್ನಾಗಿ ಒಣಗಿಸಿದ 7018 ಇದ್ದರೆ ಅದು, ಇಲ್ಲವೇ 312 ಜಾತಿಯ ಸ್ಟೇನ್‌ಲೆಸ್ ರಾಡು ಹಾಕಿ. ಮುಗಿದ ಕೂಡಲೇ ಒಣ ಬೂದಿಯಲ್ಲಿ ಹುಗಿದಿಡಿ. ಬಚ್ಚಲೊಲೆಯ ಬೂದಿ ನಮ್ಮಲ್ಲಿ ಬೇಕಾದಷ್ಟು ಇದೆ, ಆದರೆ ಪೂರ್ತಿ ಒಣಗಿರಬೇಕು. ಬೇಗ ತಣಿಯಲಿ ಅಂತ ನೀರು ಹಾಕುವುದು ಮಾತ್ರ ಯಾವತ್ತೂ ಬೇಡ.

ಎರಕದ ಕಬ್ಬಿಣದಲ್ಲಿ ಇಂಗಾಲ ಶೇಕಡ 2ಕ್ಕಿಂತ ಹೆಚ್ಚು. ಅದಕ್ಕೆ ನಿಕಲ್ ರಾಡು ಬೇಕು. ಒಂದಿಂಚು ಬೆಸುಗೆ, ಮೆಲ್ಲಗೆ ಸುತ್ತಿಗೆಯಿಂದ ತಟ್ಟುವುದು, ತಣಿಯುವವರೆಗೆ ಕಾಯುವುದು, ಆಮೇಲೆ ಇನ್ನೊಂದಿಂಚು. ಶಿಲ್ಪದಲ್ಲಿ ಪಂಪಿನ ಎರಕದ ಭಾಗ ಬೇಕೇ ಬೇಕೆಂದಿದ್ದರೆ ನನ್ನ ಸಲಹೆ, ತೂತು ಕೊರೆದು ಬೋಲ್ಟ್ ಹಾಕಿ. ನೋಡಲೂ ಕೆಡುವುದಿಲ್ಲ.

ಜಿ.ಐ. ಪೈಪಿಗೆ ಸತುವಿನ ಹೊದಿಕೆ ಇರುತ್ತದೆ. ಆ ಸತುವು 907 ಡಿಗ್ರಿಗೆ ಕುದಿಯುತ್ತದೆ. ಕಬ್ಬಿಣ ಕರಗಲು 1500ರ ಹತ್ತಿರ ಬೇಕು. ಅಂದರೆ ಕಬ್ಬಿಣ ಕರಗುವ ಮೊದಲೇ ಸತುವು ಆವಿಯಾಗಿ ಬೆಸುಗೆಯಲ್ಲಿ ತೂತು ಮಾಡುತ್ತದೆ. ಆ ಬಿಳಿ ಹೊಗೆ ಕುಡಿದರೆ ಕೆಲವು ಗಂಟೆ ಬಿಟ್ಟು ಚಳಿ ಜ್ವರ ಬರುತ್ತದೆ. ಹಾಲು ಕುಡಿದರೆ, ಬೆಲ್ಲ ತಿಂದರೆ ಏನೂ ಆಗದು ಎಂಬ ಮಾತನ್ನು ನಂಬಬೇಡಿ. ಕೂಡುವ ಜಾಗದಿಂದ ಎರಡೂ ಕಡೆ ಎರಡಿಂಚು ಸತುವನ್ನು ಮುಖಕ್ಕೆ ಮಾಸ್ಕ್ ಹಾಕಿ ಉಜ್ಜಿ ತೆಗೆಯಿರಿ, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ. ಹೊಳೆಯುವ ಕ್ರೋಮ್ ಹೊದಿಕೆಯ ಬೈಕಿನ ಭಾಗಗಳ ಹೊಗೆ ಇನ್ನೂ ಕೆಟ್ಟದು, ಅವುಗಳನ್ನು ಬಿಡುವುದೇ ಒಳ್ಳೆಯದು.

ಚೈನು ಎಲ್ಲರಿಗೂ ಇಷ್ಟ. ಯಕ್ಷಗಾನದ ವೇಷದ ಭುಜಕೀರ್ತಿಗೆ, ಹಕ್ಕಿಯ ಕುತ್ತಿಗೆಗೆ ಅದು ಚೆನ್ನಾಗಿ ಒಪ್ಪುತ್ತದೆ. ಆದರೆ ಅದರ ಗುಂಡಿಗಳೊಳಗೆ ಹಳೆ ಎಣ್ಣೆ ಕೂತಿರುತ್ತದೆ, ಬಿಸಿಗೆ ಹೊರಬಂದು ಬೆಸುಗೆಯನ್ನು ತೂತು ಮಾಡುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ನೆನೆಸಿ, ಬ್ರಶ್ ಹಾಕಿ, ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಬ್ರೇಕ್ ಕ್ಲೀನರ್ ಸ್ಪ್ರೇ ಬೇಡ. ಅದರಲ್ಲಿ ಕ್ಲೋರಿನ್ ಇರುವ ದ್ರಾವಕ ಇದ್ದರೆ ಆರ್ಕಿನ ಬಿಸಿಗೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಮುರಿದ ಜಾಗವನ್ನು ನೋಡಿ, ಕೂಡಲೇ ಅಂಟಿಸಬೇಡಿ

ಕಾಲು ಮುರಿದಾಗ ಮತ್ತೆ ಅದರ ಮೇಲೆ ಬೆಸುಗೆ ಹಾಕುವುದು ಎಲ್ಲರ ಅಭ್ಯಾಸ. ಹಾಗೆ ಮಾಡಿದರೆ ಗುರುತು ಅಳಿಸಿಹೋಗುತ್ತದೆ. ಮೊದಲು ಬೆಳಕಿಗೆ ಹಿಡಿದು ನೋಡಿ. ಸಕ್ಕರೆಯ ಹಾಗೆ ಹೊಳೆಯುವ ಹರಳುಗಳು ಕಂಡರೆ ಅದು ಗಡುಸಾಗಿ ಮುರಿದದ್ದು, ಕಬ್ಬಿಣದ ಜಾತಿ ತಿಳಿಯಿರಿ. ಒಂದು ತುಂಡಿನ ಅಂಚು ಗರಗಸ ಕೊಯ್ದ ಹಾಗೇ ಉಳಿದಿದ್ದರೆ ಅಲ್ಲಿ ಲೋಹ ಕರಗಲೇ ಇಲ್ಲ. ಆಂಪ್ಸ್ ಕಡಿಮೆಯಾಗಿದೆ ಅಥವಾ ದಪ್ಪ ತುಂಡಿಗೆ ಬಿಸಿ ಸಾಲಲಿಲ್ಲ. ಒಳಗೆ ಕಪ್ಪು ಗಾಜಿನಂಥ ಚೂರು ಇದ್ದರೆ ಮೊದಲ ಸುತ್ತಿನ ಸ್ಲಾಗ್ (ಲೇಪ ಕರಗಿ ಬೆಸುಗೆಯ ಮೇಲೆ ಕೂರುವ ಕಿಟ್ಟ) ತೆಗೆಯದೆ ಮೇಲೆ ಎಳೆದಿದ್ದೀರಿ. ಅರ್ಧ ಭಾಗ ತುಕ್ಕು ಹಿಡಿದು ಅರ್ಧ ಹೊಸದಾಗಿ ಹೊಳೆಯುತ್ತಿದ್ದರೆ ಬಿರುಕು ಹಳೆಯದು, ಗಾಳಿಗೆ ತೂಗಿ ತೂಗಿ ದೊಡ್ಡದಾಗಿದೆ.

ಕೊನೆಯದು ಶಿಲ್ಪಕ್ಕೆ ವಿಶೇಷವಾದ ಕಾಯಿಲೆ. ತೆಳ್ಳನೆ ಕಾಲು, ಮೇಲೆ ಭಾರವಾದ ರೆಕ್ಕೆ ಅಥವಾ ಕಿರೀಟ. ಕಡಲ ಗಾಳಿಗೆ ಇಡೀ ದಿನ ತೂಗುವಾಗ ಎಲ್ಲ ಎಳೆತವೂ ಕಾಲು ಬುಡಕ್ಕೆ ಸೇರುವಲ್ಲಿ ಬೀಳುತ್ತದೆ. ನಾವು ಬೆಸುಗೆ ಹಾಕುವುದೂ ಸರಿಯಾಗಿ ಅಲ್ಲೇ. ಬೆಸುಗೆಯ ಅಂಚಿನಲ್ಲಿ ಕಚ್ಚಿದ ಹಾಗೆ ಸಣ್ಣ ತೋಡು ಬಿದ್ದಿದ್ದರೆ ಬಿರುಕು ಅಲ್ಲಿಂದ ಶುರು. ಕಾಲನ್ನು ತಟ್ಟೆಯ ಮೇಲೆ ನಿಲ್ಲಿಸಿ ಬೆಸುಗೆ ಹಾಕುವ ಬದಲು ತಟ್ಟೆಗೆ ತೂತು ಕೊರೆದು ಕಾಲನ್ನು ಒಳಗೆ ಇಳಿಸಿ, ಮೇಲೆ ಕೆಳಗೆ ಎರಡೂ ಕಡೆ ಬೆಸುಗೆ ಹಾಕಿ. ಹೀಗೆ ಮಾಡಿದ ಕಾಲು ಬಾಗಬಹುದು, ಬುಡದಲ್ಲಿ ಮುರಿಯುವುದು ಬಹಳ ಅಪರೂಪ.

ಇಂಥ ಕೂಡುಗಳನ್ನು ಕಲಿಯಲು ಗ್ರಿಲ್ ಅಂಗಡಿಗಿಂತ ಒಳ್ಳೆಯ ಶಾಲೆ ಇಲ್ಲ. ಕಬ್ಬಿಣದ ಶಿಲ್ಪಕ್ಕೆ ದಾರಿ ತೋರಿಸಿದ ಸ್ಪೇನಿನ ಹೂಲಿಯೊ ಗೊನ್ಸಾಲೆಸ್ ಬೆಸುಗೆ ಕಲಿತದ್ದು 1918ರಲ್ಲಿ ರೆನೋ ಕಾರ್ಖಾನೆಯಲ್ಲಿ. ಅಮೆರಿಕದ ಡೇವಿಡ್ ಸ್ಮಿತ್ ಎರಡನೇ ಮಹಾಯುದ್ಧದ ಕಾಲದಲ್ಲಿ ರೈಲು ಎಂಜಿನ್ ಕಾರ್ಖಾನೆಯಲ್ಲಿ ಬೆಸುಗೆಗಾರನಾಗಿ ದುಡಿದ.

ಮುಚ್ಚಿದ ಹೊಟ್ಟೆ, ಬಾಗಿದ ಬೆನ್ನು

ಮೀನಿನ ಹೊಟ್ಟೆ, ಆನೆಯ ತಲೆ ಹೀಗೆ ಸುತ್ತ ಮುಚ್ಚಿದ ಆಕಾರದಲ್ಲಿ ಕೊನೆಯ ಒಂದಿಂಚು ಮಾತ್ರ ಯಾವ ರೀತಿ ಮಾಡಿದರೂ ಊದಿಕೊಂಡು ತೂತಾಗುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಹೊರಗೆ ಬರಲು ದಾರಿ ಹುಡುಕುತ್ತಿದೆ, ಅಷ್ಟೇ. ಕಾಣದ ಕಡೆ ತಳದಲ್ಲಿ 6 ಮಿ.ಮೀ. ತೂತು ಮೊದಲೇ ಕೊರೆದಿಡಿ. ಅದೇ ತೂತು ಮುಂದೆ ನೀರು ಹೊರಗೆ ಹೋಗಲೂ ಬೇಕು. ಹಳೆ ಪೆಟ್ರೋಲ್ ಟ್ಯಾಂಕನ್ನು ಹೊಟ್ಟೆಯಾಗಿ ಬಳಸುವ ಆಸೆ ಬಿಡಿ. ತೊಳೆದದ್ದೇ ಆದರೂ ಮಡಿಕೆಗಳಲ್ಲಿ ಉಳಿದ ಆವಿ ಸ್ಫೋಟಿಸುತ್ತದೆ.

ತೆಳು ತಗಡು ಬಾಗಿ ತಿರುಚುವುದಕ್ಕೆ ಕಾರಣ ಒಂದೇ ಕಡೆ ಉದ್ದಕ್ಕೆ ಬೆಸುಗೆ ಎಳೆಯುವುದು. ಮೊದಲು ಎಲ್ಲ ಕಡೆ ಟ್ಯಾಕ್ (ಚುಕ್ಕೆಯಷ್ಟೇ ಬೆಸುಗೆ) ಹಾಕಿ. ಆಮೇಲೆ ಎದುರು ಬದುರಾಗಿ ಗಿಡ್ಡ ಗಿಡ್ಡ ಬೆಸುಗೆ ಹಾಕುತ್ತ ಹೋಗಿ.

ಬಣ್ಣದಡಿಯ ತುಕ್ಕಿನ ಗೆರೆ

ಬೆಸುಗೆಯ ಗೆರೆಯುದ್ದಕ್ಕೂ ಮಾತ್ರ ತುಕ್ಕು ಇಳಿಯುತ್ತಿದ್ದರೆ ಬಣ್ಣವನ್ನು ಬೈಯಬೇಡಿ. ಸ್ಲಾಗ್ ಮತ್ತು ಕಿಡಿಯ ಹನಿಗಳ ಮೇಲೆ ಪ್ರೈಮರ್ ಹಿಡಿಯುವುದಿಲ್ಲ. ಸ್ಲಾಗ್ ಉದುರಿದಾಗ ಬಣ್ಣವನ್ನೂ ಕಿತ್ತುಕೊಂಡು ಹೋಗುತ್ತದೆ. ಇಡೀ ಮೈಗೆ ತುಕ್ಕಿನ ಚುಕ್ಕೆ ಎದ್ದಿದ್ದರೆ ಅದು ಕಡಲಿನ ಉಪ್ಪು. ಮಂಜೇಶ್ವರ, ಉಪ್ಪಳದ ಕರಾವಳಿಯಲ್ಲಿ ಒಂದು ರಾತ್ರಿ ಹೊರಗಿಟ್ಟ ಹೊಳೆಯುವ ಕಬ್ಬಿಣದ ಮೇಲೂ ಉಪ್ಪು ಕೂತಿರುತ್ತದೆ. ಉಪ್ಪು ಗಾಳಿಯ ನೀರನ್ನು ಎಳೆದು ಬಣ್ಣದಡಿಯಲ್ಲೇ ತುಕ್ಕು ಬೆಳೆಸುತ್ತದೆ. ಬಣ್ಣಕ್ಕೆ ಮೊದಲು ಸಿಹಿನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ, ಅದೇ ದಿನ ಪ್ರೈಮರ್ ಹಾಕಿ. ಗಾಳಿಯ ತೇವ ಶೇಕಡ 85 ದಾಟಿದ ದಿನ ಬಣ್ಣ ಬೇಡ. ಇದರ ಅರ್ಥ, ಜೂನ್ ಜುಲೈಯಲ್ಲಿ ಕತ್ತರಿಸಿ, ಜೋಡಿಸಿ ಇಟ್ಟುಕೊಳ್ಳಿ, ಬಣ್ಣ ಅಕ್ಟೋಬರ್ ಬಿಸಿಲಿಗೆ ಇರಲಿ.

ತುಕ್ಕೇ ಬಣ್ಣವಾಗಿ ನಿಲ್ಲುವ ಕಾರ್ಟೆನ್ ಸ್ಟೀಲ್ ಹಾಕಿದರೆ ಆಗದೇ ಅಂತ ಕೆಲವರು ಕೇಳುತ್ತಾರೆ. ಒಳನಾಡಿನಲ್ಲಿ ಆಗುತ್ತದೆ. ಉಪ್ಪುಗಾಳಿಯಲ್ಲಿ ಅದರ ತುಕ್ಕಿನ ಪದರ ಗಟ್ಟಿಯಾಗದೆ ಉದುರುತ್ತಲೇ ಇರುತ್ತದೆ. ಇನ್ನು ಕಾಲಿನ ತಟ್ಟೆಯನ್ನು ನೇರ ಮಣ್ಣಿಗೆ ಅಥವಾ ಮುರಕಲ್ಲಿಗೆ ತಾಗಿಸಿ ಇಡಬೇಡಿ, ಮುರಕಲ್ಲು ನೀರು ಹಿಡಿದಿಟ್ಟುಕೊಳ್ಳುತ್ತದೆ. ನಾಲ್ಕು ಬೋಲ್ಟಿನ ಮೇಲೆ ಎರಡು ಬೆರಳಷ್ಟು ಎತ್ತರಿಸಿ ಕೂರಿಸಿ. ತಟ್ಟೆಯ ಅಡಿಗೆ ಗಾಳಿಯೂ ಹೋಗುತ್ತದೆ, ವರ್ಷಕ್ಕೊಮ್ಮೆ ನಿಮ್ಮ ಬ್ರಶ್ಶೂ ಹೋಗುತ್ತದೆ.